ಒಂದೇ ಟೈರ್, ಬೇರೆ ಬೇರೆ ರಿಮ್: ತೋಟದ ದಾರಿಯಲ್ಲಿ ನಮ್ಮ ಎರಡು ಜಿಮ್ನಿ

ನಮ್ಮ ಮನೆಯಲ್ಲಿ ಎರಡು ಮಾರುತಿ ಜಿಮ್ನಿ ಇವೆ. ಒಂದು ನನ್ನದು, ಒಂದು ತಮ್ಮನದು. ಎರಡಕ್ಕೂ ಒಂದೇ ಕಂಪನಿಯ, ಒಂದೇ ಅಳತೆಯ ಎ/ಟಿ (ಆಲ್-ಟೆರೇನ್, ಡಾಂಬರಿಗೂ ಕಚ್ಚಾ ದಾರಿಗೂ ಆಗುವ) ಟೈರ್ ಹಾಕಿದ್ದೇವೆ: 215/75 ಆರ್15. ಅಂದರೆ ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇಕಡಾ 75, ಕೂರುವುದು 15 ಇಂಚಿನ ರಿಮ್‌ಗೆ. ರಿಮ್ ಮಾತ್ರ ಬೇರೆ. ನನ್ನದರಲ್ಲಿ ಗಾಡಿಯ ಜೊತೆ ಬಂದ 5.5 ಇಂಚು ಅಗಲದ ರಿಮ್ಮೇ ಇದೆ. ತಮ್ಮ ಹೊರಗಡೆ 7 ಇಂಚಿನ ಅಲಾಯ್ ಹಾಕಿಸಿದ್ದಾನೆ. ಮೂಡಿಗೆರೆ ಕಡೆಯ ತೋಟದ ದಾರಿ, ಚಾರ್ಮಾಡಿ ಘಾಟಿ, ಮಳೆ, ಬಿಸಿಲು ಎಲ್ಲದರಲ್ಲೂ ಎರಡನ್ನೂ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾವ ಟೈರ್ ಹಾಕಿಸಲಿ ಅಂತ ಎಲ್ಲರೂ ಕೇಳುತ್ತಾರೆ. ಆ ಟೈರ್ ಗಾಡಿಗೆ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಅನ್ನುವುದು ಅರ್ಧಕ್ಕರ್ಧ ರಿಮ್ ಕೈಯಲ್ಲಿದೆ.

ಮೊದಲು ಟೈರ್ ಬಗ್ಗೆ ಎರಡು ಮಾತು. ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್15, ಎತ್ತರ 693 ಮಿ.ಮೀ. 215/75 ಹಾಕಿದರೆ 703 ಆಗುತ್ತದೆ. ಅಂದರೆ ಗಾಡಿ ಏಳುವುದು ಬರೀ 5 ಮಿ.ಮೀ. ಸ್ಪೀಡೋಮೀಟರ್ ವ್ಯತ್ಯಾಸ ಶೇಕಡಾ ಒಂದೂವರೆ, ಲೆಕ್ಕಕ್ಕೇ ಇಲ್ಲ. ಬೊಲೆರೊಗೂ ಇದೇ ಅಳತೆ ಬರುವುದರಿಂದ ಸಣ್ಣ ಪೇಟೆಯ ಅಂಗಡಿಯಲ್ಲೂ ಸಿಗುತ್ತದೆ. ಮಳೆಗಾಲದಲ್ಲಿ ಘಾಟಿ ಮೇಲೆ ಟೈರ್ ಹರಿದರೆ ಇದರ ಬೆಲೆ ಗೊತ್ತಾಗುತ್ತದೆ.

ಈಗ ರಿಮ್. ಅಂಗಡಿಯವರು ಅಗಲ ಹೇಳುತ್ತಾರೆ, ಡಿಸೈನ್ ತೋರಿಸುತ್ತಾರೆ. ಬ್ಯಾಕ್‌ಸ್ಪೇಸಿಂಗ್ ಎಷ್ಟು ಅಂತ ನೀವೇ ಕೇಳಬೇಕು. ಟೈರ್ ಹಾಕದ ರಿಮ್ಮನ್ನು ಮುಖ ಕೆಳಗೆ ಮಾಡಿ ನೆಲದ ಮೇಲಿಡಿ. ಹಿಂಭಾಗದ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಡಿ. ಆ ಪಟ್ಟಿಯಿಂದ ಕೆಳಗೆ, ಹಬ್‌ಗೆ (ಗಾಡಿಯಲ್ಲಿ ಚಕ್ರ ಕೂರಿಸಿ ನಟ್ ಬಿಗಿಯುವ ಭಾಗ) ಕೂರುವ ಮುಖದವರೆಗೆ ಟೇಪ್ ಬಿಟ್ಟು ನೋಡಿ. ಬಂದ ಅಳತೆಯೇ ಬ್ಯಾಕ್‌ಸ್ಪೇಸಿಂಗ್. ಅದು ಜಾಸ್ತಿ ಇದ್ದಷ್ಟೂ ಚಕ್ರ ಗಾಡಿಯ ಒಳಕ್ಕೆ ಹೋಗುತ್ತದೆ, ಕಡಿಮೆ ಇದ್ದಷ್ಟೂ ಹೊರಕ್ಕೆ ಬರುತ್ತದೆ.

ಇನ್ನು ಆಫ್‌ಸೆಟ್ ಅಂದರೆ ಹಬ್‌ಗೆ ಕೂರುವ ಆ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ಸರಿದಿದೆ ಅನ್ನುವುದು: ಹೊರಕ್ಕಾದರೆ +, ಒಳಕ್ಕಾದರೆ -. ಕಂಪನಿ ರಿಮ್‌ನ ಆಫ್‌ಸೆಟ್ +5. ರಿಮ್‌ನ ಅಂಚುಗಳನ್ನೂ ಸೇರಿಸಿದರೆ ಒಟ್ಟು ಅಗಲ ಸುಮಾರು 6.5 ಇಂಚು. ಲೆಕ್ಕ ಹಾಕಿದರೆ ಬ್ಯಾಕ್‌ಸ್ಪೇಸಿಂಗ್ ಹೆಚ್ಚುಕಡಿಮೆ ಮೂರೂವರೆ ಇಂಚು. ತಮ್ಮನ 7 ಇಂಚಿನ ರಿಮ್‌ನ ಆಫ್‌ಸೆಟ್ -12. ಅದರದ್ದೂ ಮೂರೂವರೆ! ಹಾಗಾದರೆ ಎರಡೂ ಒಂದೇ ಥರ ಕೂರಬೇಕಲ್ವಾ? ಇಲ್ಲ. ಬ್ಯಾಕ್‌ಸ್ಪೇಸಿಂಗ್ ಹೇಳುವುದು ಒಳಗಿನ ಅಂಚಿನ ಕಥೆ ಮಾತ್ರ. ಹೆಚ್ಚಿದ ಒಂದೂವರೆ ಇಂಚು ಅಗಲ ಹೆಚ್ಚುಕಡಿಮೆ ಪೂರ್ತಿ ಹೊರಗಡೆಗೇ ಬಂದಿದೆ. ಅವನ ರಿಮ್‌ನ ಹೊರ ಅಂಚು ನನ್ನದಕ್ಕಿಂತ ಸುಮಾರು 36 ಮಿ.ಮೀ. ಆಚೆ ಇದೆ.

ಟೈರ್ ಕೂಡ ಸುಮ್ನೆ ಇರುವುದಿಲ್ಲ. ರಿಮ್ ಅರ್ಧ ಇಂಚು ಅಗಲವಾದರೆ ಟೈರ್‌ನ ಹೊಟ್ಟೆ ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಹಾಗಾಗಿ ಅದೇ 215 ಟೈರ್ ನನ್ನ ರಿಮ್ ಮೇಲೆ 211ರ ಆಸುಪಾಸು ಇದ್ದರೆ, ಅವನ ರಿಮ್ ಮೇಲೆ 226ರ ಹತ್ತಿರ ಬರುತ್ತದೆ. ಈ ಅಳತೆಗೆ 5.5ರಿಂದ 7 ಇಂಚಿನವರೆಗಿನ ರಿಮ್ ಸರಿಹೋಗುತ್ತದೆ. ನಾವಿಬ್ಬರೂ ಎರಡು ತುದಿಯಲ್ಲಿದ್ದೇವೆ.

ದಾರಿಯಲ್ಲಿ ಇದರಿಂದ ಏನಾಗುತ್ತದೆ? ನನ್ನ ಗಾಡಿಯ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್‌ಗೂ ರೇಡಿಯಸ್ ಆರ್ಮ್‌ಗೂ (ಆಕ್ಸಲ್ಲನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳು) ಮಧ್ಯೆ ಒಂದು ಬೆರಳಿನಷ್ಟು ಸಂದಿ. ತಾಗುವುದಿಲ್ಲ. ಆದರೆ ಜಡಿಮಳೆಯಲ್ಲಿ ಕೆಂಪು ಜೇಡಿ ಅಲ್ಲಿ ಮೆತ್ತಿಕೊಂಡು ಟೈರ್‌ಗೆ ಉಜ್ಜುವ ಸದ್ದು ಬರುತ್ತದೆ. ಇಳಿದು ಕೋಲಿನಲ್ಲಿ ಕೆರೆದರೆ ಸರಿಹೋಗುತ್ತದೆ. ತಮ್ಮನದರಲ್ಲಿ ಆ ಜಾಗ ಧಾರಾಳವಾಗಿದೆ. ಅವನ ತಾಪತ್ರಯ ಹೊರಗಡೆ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿ, ಜೊತೆಗೆ ಸ್ಟೇರಿಂಗ್ ಕೊನೆಯವರೆಗೆ ತಿರುಗಿದ್ದಾಗ ಟೈರ್‌ನ ಹೊರ ಭುಜ ಬಂಪರ್‌ನ ಕೆಳ ಮೂಲೆಗೆ ಉಜ್ಜುತ್ತಿತ್ತು. ಅಲ್ಲಿನ ಪ್ಲಾಸ್ಟಿಕ್ ಸ್ವಲ್ಪ ಕತ್ತರಿಸಿದ ಮೇಲೆ ನಿಂತಿತು. ಅಂಗಡಿ ಮುಂದಿನ ಸಿಮೆಂಟ್ ನೆಲದ ಮೇಲೆ ತಿರುಗಿಸಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ ಮೇಲೇ ದುಡ್ಡು ಕೊಡಿ.

ಕೆಸರಿನ ವಿಷಯದಲ್ಲಂತೂ ಅಜಗಜಾಂತರ. ಅವನ ಟೈರ್ ಎರಚುವ ಕೆಸರು ಬಾಗಿಲು, ಕನ್ನಡಿ, ಕಿಟಕಿ ಗಾಜಿನವರೆಗೂ ಬರುತ್ತದೆ. ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಕೈಗೆ ಹೊಡೆಯುವುದೂ ಅವನದರಲ್ಲೇ ಜಾಸ್ತಿ. ಚಕ್ರದ ನಡು 17 ಮಿ.ಮೀ. ಹೊರಗೆ ಹೋಗಿರುವುದರಿಂದ ಸ್ಟೇರಿಂಗ್ ತಿರುಗುವ ಬಿಂದುವಿಗೆ ಅದು ದೂರವಾಗಿದೆ. ಏಟು ನೇರ ಕೈಗೆ ಬರುತ್ತದೆ, ಬೇರಿಂಗ್ ಮೇಲೂ ಭಾರ ಹೆಚ್ಚುತ್ತದೆ. ಹಾಗಂತ ಒಳ್ಳೆಯದೇ ಇಲ್ಲ ಅಂತಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಅವನ ಗಾಡಿ ವಾಲುವುದು ಕಡಿಮೆ, ನಿಂತ ನಿಲುವೂ ಚೆಂದ. ಡಾಂಬರ್ ಮೇಲೆ ನನಗೂ ಅದೇ ಇಷ್ಟ.

ಆದರೆ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ ಕಲ್ಲುದಾರಿ ಹತ್ತುವಾಗ ನಾನು ನಂಬುವುದು ಕಿರಿದಾದ ರಿಮ್ಮನ್ನೇ. ನನ್ನ ಟೈರ್‌ನ ಪಕ್ಕೆ ರಿಮ್‌ಗಿಂತ ಚೆನ್ನಾಗಿ ಆಚೆ ಉಬ್ಬಿದೆ. ಕಲ್ಲು ಮೊದಲು ರಬ್ಬರ್‌ಗೆ ತಾಗುತ್ತದೆ. ತಮ್ಮನದರಲ್ಲಿ ಪಕ್ಕೆ ನೆಟ್ಟಗೆ ನಿಂತಿದೆ, ರಿಮ್ ಅಂಚು ಬಯಲಿಗೆ ಬಿದ್ದಿದೆ. ಅವನ ಎಡಗಡೆ ಮುಂದಿನ ಅಲಾಯ್‌ನ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿವೆ. ಗಾಳಿ ಕಡಿಮೆ ಇದ್ದಾಗ ಟೈರ್ ರಿಮ್ ಬಿಟ್ಟು ಕಳಚಿಕೊಳ್ಳುವ ಭಯವೂ ಅಗಲದ ರಿಮ್‌ನಲ್ಲೇ ಹೆಚ್ಚು.

ಸಕಲೇಶಪುರದ ಗೆಳೆಯನೊಬ್ಬ ಇನ್ನೂ ಮುಂದೆ ಹೋಗಿದ್ದಾನೆ: 8 ಇಂಚಿನ ರಿಮ್, ಆಫ್‌ಸೆಟ್ -25, ಮೇಲೆ 235/75 ಆರ್15. ಅದರ ಬ್ಯಾಕ್‌ಸ್ಪೇಸಿಂಗೂ ಮೂರೂವರೆಯೇ. ಆದರೆ ರಿಮ್‌ನ ಹೊರ ಅಂಚು ಕಂಪನಿ ರಿಮ್‌ಗಿಂತ 62 ಮಿ.ಮೀ. ಆಚೆ. ಲಿಫ್ಟ್ ಮಾಡಿಸಿ (ಸಸ್ಪೆನ್ಷನ್ ಎತ್ತರಿಸಿ), ಬಂಪರ್ ಕತ್ತರಿಸಿ, ಮಡ್‌ಗಾರ್ಡ್ ಮೇಲೆ ಟೈರ್ ಮುಚ್ಚುವ ಅಗಲದ ಅಂಚು, ಅಂದರೆ ಫ್ಲೇರ್, ಕೂರಿಸಿದ ಮೇಲೇ ಅದು ಓಡಿದ್ದು. ಮೂಲ ವಿನ್ಯಾಸ ಬದಲಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಮಡ್‌ಗಾರ್ಡ್ ದಾಟಿ ಚಾಚಿದ ಟೈರ್ ತಪಾಸಣೆಯಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ. ಅಷ್ಟು ದೂರ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ತೋಟ, ಹಳ್ಳ, ಜೇಡಿ ದಾರಿ ನಿಮ್ಮ ದಿನನಿತ್ಯವಾದರೆ 215/75 ಟೈರ್‌ಗೆ ಕಂಪನಿ ರಿಮ್ಮೇ ಸಾಕು, ಉಳಿದ ದುಡ್ಡಲ್ಲಿ ಒಳ್ಳೆಯ ಟೈರ್ ತಗೊಳ್ಳಿ. ರಿಮ್ ಬದಲಿಸಲೇಬೇಕು ಅಂತಿದ್ದರೆ 6 ಇಂಚು ಅಗಲ, ಆಫ್‌ಸೆಟ್ ಸೊನ್ನೆ ಇರುವ ಸ್ಟೀಲ್ ರಿಮ್ ಹುಡುಕಿ. ಬ್ಯಾಕ್‌ಸ್ಪೇಸಿಂಗ್ ಮೂರೂವರೆ ಇಂಚೇ ಬರುತ್ತದೆ, ಹೊರಗೆ ಚಾಚುವುದು ಬರೀ ಒಂದು ಸೆಂಟಿಮೀಟರ್ ಚಿಲ್ಲರೆ. ತಮ್ಮ ಈಗ ಹುಡುಕುತ್ತಿರುವುದೂ ಅದನ್ನೇ. ಖರೀದಿಸುವಾಗ ನಡುವಿನ ತೂತು 108 ಮಿ.ಮೀ. ಇದೆಯಾ, ನಟ್ ಕೂರುವ ಇಳಿಜಾರು ಸರಿಯಾಗಿದೆಯಾ ಅಂತ ಹಬ್‌ಗೆ ಹಾಕಿ ನೋಡಿಯೇ ತನ್ನಿ.