ಕಾರ್ಖಾನೆಯದೋ, ಕುಲುಮೆಯದೋ: ಮನೆಯ ದುರಸ್ತಿಗೆ ದೇಶೀ ಕೈ ಉಪಕರಣಗಳು

ಮನೆಯ ಸಣ್ಣಪುಟ್ಟ ದುರಸ್ತಿಗೆ ದೇಶದಲ್ಲೇ ತಯಾರಾದ ಉಪಕರಣಗಳನ್ನು ಕೊಳ್ಳಬಯಸುವವರಿಗೆ ಕಾರ್ಖಾನೆಯ ಮಾಲು ಮತ್ತು ಊರ ಕುಲುಮೆಯ ಮಾಲು ಎಂಬ ಎರಡು ದಾರಿಗಳಿವೆ.

ಸ್ಕ್ರೂಡ್ರೈವರ್, ಇಕ್ಕಳ, ಸ್ಪ್ಯಾನರ್‌ಗಳಲ್ಲಿ ನನ್ನ ಆಯ್ಕೆ ನಿಸ್ಸಂದೇಹವಾಗಿ ಕಾರ್ಖಾನೆಯದು. ಸ್ವೀಡನ್ನಿನ ಬಾಹ್ಕೊ ಸಂಸ್ಥೆಯ ತಾಂತ್ರಿಕ ಸಹಯೋಗದೊಂದಿಗೆ 1969ರಲ್ಲಿ ಆರಂಭವಾದ ಟಪಾರಿಯಾ ಕಂಪನಿಯ ಉಪಕರಣಗಳು ಸಣ್ಣ ಪಟ್ಟಣಗಳ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತವೆ. ಪಂಜಾಬಿನ ಜಲಂಧರ್, ಲೂಧಿಯಾನಾಗಳ ತಯಾರಕರೂ ಇದ್ದಾರೆ. ತುದಿಯ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸ್ಕ್ರೂವಿನ ತಲೆ ಸವೆದು ಹಾಳಾಗುವುದರಿಂದ ಇಲ್ಲಿ ನಿಖರತೆಯೇ ಮುಖ್ಯ. ಇಕ್ಕಳ ಕೊಳ್ಳುವಾಗ 200 ಮಿ.ಮೀ. ಅಳತೆಯದು ಸಾಕು, ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದು, ಕತ್ತರಿಸುವ ಅಂಚುಗಳ ನಡುವೆ ಬೆಳಕು ತೂರದಿರುವುದನ್ನು ಖಚಿತಪಡಿಸಿಕೊಳ್ಳಿ. ಹಿಡಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದ ಮಾತ್ರಕ್ಕೆ ಅದು ವಿದ್ಯುತ್ ಕೆಲಸಕ್ಕೆ ಸುರಕ್ಷಿತವಲ್ಲ, 1000 ವೋಲ್ಟ್ ಗುರುತು ಇರಬೇಕು. ಗುರುತಿದ್ದರೂ ಮೇನ್ ಸ್ವಿಚ್ ಆರಿಸಿಯೇ ಕೆಲಸಕ್ಕೆ ಕೈ ಹಾಕಿ.

ಹಾರೆ, ಮಚ್ಚು, ಮರದ ಉಳಿಗಳ ಮಾತೇ ಬೇರೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು, ಹದವರಿತು ನೀರು ಕುಡಿಸಿದ ಕಮ್ಮಾರನ ಅಲಗು ಬಹುಕಾಲ ಹರಿತ ಉಳಿಸಿಕೊಳ್ಳುತ್ತದೆ, ಮೊಂಡಾದರೆ ಅವನೇ ತಟ್ಟಿ ಕೊಡುತ್ತಾನೆ. ಆದರೆ ಹದ ಕೈಯಿಂದ ಕೈಗೆ ಬದಲಾಗುವುದರಿಂದ, ಆ ಕುಲುಮೆಯ ಉಪಕರಣವನ್ನು ಈಗಾಗಲೇ ಬಳಸುತ್ತಿರುವ ಬಡಗಿಯನ್ನು ವಿಚಾರಿಸಿಯೇ ಮಾಡಿಸಿಕೊಳ್ಳಿ.