ಕ್ರಿಮಿನಲ್ ಆರೋಪವಿದ್ದಾಗ ವಲಸೆ ವಕೀಲರ ಸಲಹೆ: ಅಮೆರಿಕದ ಒಂದು ಕಚೇರಿಯ ಸೇವೆ ಹೇಗಿತ್ತು

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲಿ ಓದುತ್ತಿರುವ ನನ್ನ ತಂಗಿಯ ಮಗನ ಮೇಲೆ ಅಂಗಡಿಯಲ್ಲಿ ಸಣ್ಣ ಕಳ್ಳತನ ಮಾಡಿದ ಆರೋಪ ದಾಖಲಾದಾಗ, ಪ್ರಕರಣ ನಡೆಸುತ್ತಿದ್ದ ಕ್ರಿಮಿನಲ್ ವಕೀಲರಲ್ಲದೆ ಒಂದು ವಲಸೆ ಕಾನೂನು ಕಚೇರಿಯ ಸಲಹೆಯನ್ನೂ ಪಡೆದೆವು. ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆ ಸೇವೆಯಲ್ಲಿ ಕೊಟ್ಟ ಹಣಕ್ಕೆ ಸಿಕ್ಕಿದ್ದೇನು, ಸಿಗದೆ ಉಳಿದದ್ದೇನು ಎಂಬುದಷ್ಟೇ ಈ ಬರಹದ ವಿಷಯ.

ಸರ್ಕಾರಿ ವಕೀಲರು ಮುಂದಿಟ್ಟ ಒಪ್ಪಂದ ಮೇಲ್ನೋಟಕ್ಕೆ ಉದಾರವಾಗಿಯೇ ಇತ್ತು. ಹುಡುಗ ತಪ್ಪೊಪ್ಪಿಕೊಂಡು ಕೆಲವು ತಿಂಗಳು ಸಮುದಾಯ ಸೇವೆ ಮಾಡಿದರೆ, ನ್ಯಾಯಾಲಯ ಪ್ರಕರಣವನ್ನೇ ವಜಾ ಮಾಡುತ್ತಿತ್ತು. ಕ್ರಿಮಿನಲ್ ವಕೀಲರಿಗೆ ಇದು ಗೆಲುವಿನಂತೆ ಕಂಡಿತು. ಆದರೆ ವಲಸೆ ವಕೀಲರು ಮೊದಲ ಭೇಟಿಯಲ್ಲೇ ಇದಕ್ಕೆ ತಡೆ ಹಾಕಿದರು. 1996ರ ಫೆಡರಲ್ ಕಾನೂನಿನ ಪ್ರಕಾರ, ಆರೋಪಿ ತಪ್ಪೊಪ್ಪಿಕೊಂಡು, ನ್ಯಾಯಾಧೀಶರು ಯಾವುದಾದರೂ ಶಿಕ್ಷೆಯನ್ನೋ ನಿರ್ಬಂಧವನ್ನೋ ವಿಧಿಸಿದರೆ ಸಾಕು, ವಲಸೆಯ ಮಟ್ಟಿಗೆ ಅಪರಾಧ ಸಾಬೀತಾದಂತೆಯೇ. ರಾಜ್ಯದ ನ್ಯಾಯಾಲಯ ನಂತರ ಪ್ರಕರಣ ವಜಾ ಮಾಡಿದರೂ ವಲಸೆ ಅಧಿಕಾರಿಗಳ ಪಾಲಿಗೆ ಅದು ಅಳಿಯುವುದಿಲ್ಲ.

ಶಿಕ್ಷೆಯ ಅವಧಿಯ ಲೆಕ್ಕವನ್ನು ಅವರು ವಿವರಿಸಿದ ರೀತಿ ಈ ಸೇವೆಯ ಅತ್ಯುತ್ತಮ ಭಾಗ. ಅಮಾನತಿನಲ್ಲಿಟ್ಟ ಶಿಕ್ಷೆಯೂ ಪೂರ್ಣ ಶಿಕ್ಷೆಯೆಂದೇ ಎಣಿಕೆಯಾಗುವುದರಿಂದ, ಕಳ್ಳತನಕ್ಕೆ ಒಂದು ವರ್ಷದ ಶಿಕ್ಷೆ ವಿಧಿಸಿದರೆ, ಒಂದು ದಿನವೂ ಜೈಲಿನಲ್ಲಿ ಕಳೆಯದಿದ್ದರೂ, ಅದು ವಲಸೆ ಕಾನೂನಿನ ಅತ್ಯಂತ ಗಂಭೀರ ಅಪರಾಧಗಳ ಪಟ್ಟಿಗೆ ಸೇರಬಹುದು. ಅಮೆರಿಕಕ್ಕೆ ಬಂದ ಐದು ವರ್ಷದೊಳಗೆ ನೈತಿಕ ಅಧಃಪತನದ ಅಪರಾಧವೊಂದನ್ನು (ಕಳ್ಳತನ, ವಂಚನೆಯಂಥವು ಸಾಮಾನ್ಯವಾಗಿ ಇದರಲ್ಲಿ ಬರುತ್ತವೆ) ಎಸಗಿ, ಅದಕ್ಕೆ ಒಂದು ವರ್ಷ ಅಥವಾ ಹೆಚ್ಚಿನ ಶಿಕ್ಷೆ ವಿಧಿಸಲು ಅವಕಾಶವಿದ್ದರೂ ಗಡಿಪಾರಿನ ಪ್ರಶ್ನೆ ಏಳುತ್ತದೆ. ಕ್ಯಾಲಿಫೋರ್ನಿಯಾ ತನ್ನ ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿರುವುದು ಏಕೆಂದು ನನಗೆ ಅರ್ಥವಾದದ್ದು ಆಗಲೇ. ಆ ಒಂದು ದಿನದ ವ್ಯತ್ಯಾಸದ ಮೇಲೆ ಎಷ್ಟೋ ಮನೆಗಳು ನಿಂತಿವೆ.

2010ರ ಪಡಿಲ್ಲಾ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ತಪ್ಪೊಪ್ಪಿಗೆಯಿಂದ ಗಡಿಪಾರಿನ ಅಪಾಯವಿದ್ದರೆ ಅದನ್ನು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯವೆಂದು ಹೇಳಿದೆ. ಕರ್ತವ್ಯವಿದ್ದರೂ ವಲಸೆ ಕಾನೂನಿನ ಒಳಸುಳಿಗಳು ಎಲ್ಲ ವಕೀಲರಿಗೂ ತಿಳಿದಿರಬೇಕೆಂದಿಲ್ಲ. ಈ ಕಚೇರಿ ನಮಗೆ ಬಾಯಿಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳದೆ, ಯಾವ ಕಲಮಿಗೆ ಒಪ್ಪಿದರೆ ಏನಾಗುತ್ತದೆ ಎಂದು ಲಿಖಿತ ಅಭಿಪ್ರಾಯ ಸಿದ್ಧಪಡಿಸಿ ನೇರವಾಗಿ ನಮ್ಮ ಕ್ರಿಮಿನಲ್ ವಕೀಲರಿಗೇ ಕಳುಹಿಸಿತು. ಅದನ್ನು ಇಟ್ಟುಕೊಂಡೇ ಅವರು ಮಾತುಕತೆ ಮುಂದುವರಿಸಿ, ತಪ್ಪೊಪ್ಪಿಗೆಯ ಅಗತ್ಯವಿಲ್ಲದ ಬೇರೊಂದು ಏರ್ಪಾಡಿಗೆ ಸರ್ಕಾರಿ ವಕೀಲರನ್ನು ಒಪ್ಪಿಸಿದರು.

ಪ್ರಯಾಣದ ವಿಷಯದಲ್ಲಿ ಮಾತ್ರ ಕಚೇರಿ ನಿರಾಶೆಗೊಳಿಸಿತು. ದೇಶದೊಳಗೆ ಉಳಿಯಲು ಬೇಕಾದ ಸ್ಥಾನಮಾನ ಬೇರೆ, ಹೊರಗೆ ಹೋಗಿ ಮರಳಿ ಬರಲು ಬೇಕಾದ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಬೇರೆ. ಪ್ರಕರಣ ವಜಾ ಆದರೂ ಬಂಧನವಾಗಿದ್ದರೆ ಅದನ್ನು ಮುಂದಿನ ವೀಸಾ ಅರ್ಜಿಯಲ್ಲಿ ತಿಳಿಸಲೇಬೇಕು, ಕಾನ್ಸುಲೇಟಿನಲ್ಲಿ ಪ್ರಶ್ನೆಗಳೂ ಬರುತ್ತವೆ. ಕುಡಿದು ವಾಹನ ಚಲಾಯಿಸಿದ ಆರೋಪದಲ್ಲಂತೂ ತೀರ್ಪಿಗೆ ಮೊದಲೇ ವೀಸಾ ರದ್ದಾಗುವುದುಂಟು. ರಜೆಗೆ ಊರಿಗೆ ಬರಬಹುದೇ ಎಂದು ನಾವೇ ಕೇಳುವವರೆಗೂ ಇದಾವುದನ್ನೂ ಅವರು ಎತ್ತಲಿಲ್ಲ. ವಿದ್ಯಾರ್ಥಿಯ ವಿಷಯದಲ್ಲಿ ಇದು ಮೊದಲು ಹೇಳಬೇಕಾದ ಮಾತು.

ಶುಲ್ಕ ಕಡಿಮೆಯೇನಲ್ಲ, ಸಣ್ಣ ಇಮೇಲಿಗೂ ಪ್ರತ್ಯೇಕ ಬಿಲ್ ಬಂದದ್ದು ಕಿರಿಕಿರಿಯಾಯಿತು. ಆದರೂ ಗಡಿಪಾರು ಪ್ರಕ್ರಿಯೆ ಶುರುವಾದ ಮೇಲೆ ಸರ್ಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡುವುದಿಲ್ಲವಾದ್ದರಿಂದ, ಮೊದಲೇ ಮಾಡಿದ ಈ ಖರ್ಚು ಸರಿಯೆಂದೇ ನನ್ನ ಅಭಿಪ್ರಾಯ. ಗ್ರೀನ್ ಕಾರ್ಡ್ ಇದ್ದವರಿಗೂ ಇದೇ ಸೇವೆಯನ್ನು ಸೂಚಿಸುತ್ತೇನೆ; ಅವರು ವಿದೇಶಕ್ಕೆ ಹೋಗಿ ಮರಳುವಾಗ, ಪೌರತ್ವಕ್ಕೆ ಅರ್ಜಿ ಹಾಕುವಾಗ ಹಳೆಯ ಪ್ರಕರಣಗಳು ಮತ್ತೆ ತೆರೆದುಕೊಳ್ಳುತ್ತವೆ. ಇಂಥ ಕಚೇರಿಗೆ ಹೋಗುವ ಮೊದಲು ಶುಲ್ಕದ ವಿವರವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಪ್ರಯಾಣದ ಪ್ರಶ್ನೆಯನ್ನು ನೀವೇ ಮೊದಲು ಎತ್ತಿರಿ.