ಜಿಪ್ಸಿಗೆ ಹಳೇ ಬಲೆನೋದ 1600 ಎಂಜಿನ್: ಘಟ್ಟದ ರಸ್ತೆಯಲ್ಲಿ ಓಡಿಸಿ ಅನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಈಗ ಶೋರೂಮಿನಲ್ಲಿ ಸಿಗುವ ಬಲೆನೋ ಅಲ್ಲ. 1999ರಿಂದ 2007ರವರೆಗೆ ಮಾರುತಿಯವರು ಮಾರಿದ, ಹಿಂದೆ ಡಿಕ್ಕಿ ಇರುವ ಹಳೇ ಬಲೆನೋ. ಅದರ ಎಂಜಿನ್ ನನ್ನ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಮಾರುತಿ ಜಿಪ್ಸಿಯಲ್ಲಿ ಕೂತು ವರ್ಷಗಳೇ ಆದವು, ಅರವತ್ತು ಸಾವಿರ ಕಿಲೋಮೀಟರ್ ದಾಟಿದೆ. ತೀರ್ಥಹಳ್ಳಿ ಕಡೆ ಜಿಪ್ಸಿ ಇಟ್ಟುಕೊಂಡವರು ಸಿಕ್ಕಾಗೆಲ್ಲ ಅದೇ ಪ್ರಶ್ನೆ ಕೇಳುತ್ತಾರೆ, ಹಾಕಿಸಬಹುದಾ ಅಂತ. ಎಂಜಿನ್ ಮಟ್ಟಿಗೆ ಕಣ್ಣುಮುಚ್ಚಿ ಹೌದು ಅನ್ನುತ್ತೇನೆ. ತಲೆನೋವು ಇರುವುದು ಎಂಜಿನ್ ಸುತ್ತಮುತ್ತ.

ಜಿಪ್ಸಿಯ 1300 ಮತ್ತು ಬಲೆನೋದ 1600 ಎರಡೂ ಸುಜುಕಿಯ ಜಿ ಸರಣಿಯ ಎಂಜಿನ್‌ಗಳು. ಅಲ್ಯೂಮಿನಿಯಂ ಬ್ಲಾಕ್, ಹದಿನಾರು ವಾಲ್ವ್, ಅವನ್ನು ತೆರೆಯುವ ಕ್ಯಾಮ್ ಒಂದೇ. 1300ರ ಬೋರ್ (ಸಿಲಿಂಡರಿನ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5. 1600ರದ್ದು 75 ಮತ್ತು 90. ಈ ಅಂಕಿ ಸ್ವಲ್ಪ ನೋಡಿ. ಬೋರ್ ಹೆಚ್ಚಾಗಿರುವುದು ಒಂದೇ ಮಿಲಿಮೀಟರ್, ಸ್ಟ್ರೋಕ್ ಮಾತ್ರ ಹದಿನಾಲ್ಕೂವರೆ. 1298 ಸಿಸಿ ಇದ್ದದ್ದು 1590 ಆಗುವಾಗ ಸಿಗುವ ಸುಮಾರು 290 ಸಿಸಿಯಲ್ಲಿ 250ರಷ್ಟು ಬರುವುದು ಸ್ಟ್ರೋಕ್ ಉದ್ದ ಮಾಡುವ ಕ್ರ್ಯಾಂಕ್‌ನಿಂದಲೇ. ಘಟ್ಟ ಹತ್ತುವವನಿಗೆ ಇದೇ ಬೇಕಾಗಿರುವುದು. ಕಂಪನಿ ಲೆಕ್ಕದಲ್ಲಿ ಜಿಪ್ಸಿಗೆ 4500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 103 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಬಲೆನೋಗೆ 3000ದಲ್ಲೇ 130. ಬಿಎಚ್‌ಪಿ 80ರಿಂದ 94ಕ್ಕೆ ಏರಿತು ಅಂತ ಕುಣಿಯುವವರು ಕುಣಿಯಲಿ, ನನಗೆ ಅದು ಅಷ್ಟೇನೂ ಲೆಕ್ಕಕ್ಕಿಲ್ಲ.

ಕೆಲವರು ಕೇಳುತ್ತಾರೆ, ಹಾಗಾದ್ರೆ ಬಲೆನೋ ಕ್ರ್ಯಾಂಕ್ ಒಂದನ್ನೇ ತಂದು ಹಳೇ ಬ್ಲಾಕಿಗೆ ಹಾಕಿದ್ರೆ ಆಯ್ತಲ್ವಾ ಅಂತ. ಆಗಲ್ಲ. ಸ್ಟ್ರೋಕಿನ ವ್ಯತ್ಯಾಸದ ಅರ್ಧ, ಅಂದರೆ 7.25 ಮಿ.ಮೀ., ಪಿಸ್ಟನ್ ಮೇಲೆ ಬಂದು ಹೆಡ್ಡಿಗೆ ಗುದ್ದುತ್ತದೆ. 1600ರ ಬ್ಲಾಕೇ ಎತ್ತರ ಜಾಸ್ತಿ. ಹಾಗಾಗಿ ಬ್ಲಾಕ್, ಕ್ರ್ಯಾಂಕ್, ಹೆಡ್, ಟೈಮಿಂಗ್ ಬೆಲ್ಟ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್ ಎಲ್ಲ ಬಲೆನೋದ್ದು. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ), ಎಂಜಿನ್ ಮೌಂಟಿಂಗ್, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಕವಚ), ಗೇರ್‌ಬಾಕ್ಸ್ ಜಿಪ್ಸಿಯದ್ದು. ಎರಡೂ ಸೇರಿದ ಬೆರಕೆ ಇದು.

ಸಂಪ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ, ಮೇಲಾಗಿ ಕೆಳಗೆ ಮುಂದಿನ ಆಕ್ಸಲ್ ಲೀಫ್ ಸ್ಪ್ರಿಂಗ್ ಮೇಲೆ ಕುಣಿಯುತ್ತಿರುತ್ತದೆ. ಬಲೆನೋ ಸಂಪ್ ಅಲ್ಲಿ ಕೂರಲ್ಲ, ಜಿಪ್ಸಿಯದ್ದೇ ಬೇಕು. ನಮ್ಮ ಮೆಕ್ಯಾನಿಕ್ ಆಟೋ ಕಾಂಪ್ಲೆಕ್ಸ್ ಕಡೆಯ ಹಳೇ ಕೈ, ಮಾತು ಕಮ್ಮಿ. ಆ ದಿನ ಮಾತ್ರ ಸಂಪ್ ಕೈಯಲ್ಲಿ ಹಿಡಿದು, "ಗೌಡ್ರೇ, ಇದೊಂದನ್ನೇ ಬದಲಾಯ್ಸಿ ಎಂಜಿನ್ ಸೀಜ್ ಮಾಡ್ಕೊಂಡೋರು ಇದಾರೆ, ಒಳಗಿನ ಆಯಿಲ್ ಪೈಪೂ ಇದರದ್ದೇ ಬೇಕು" ಅಂದರು. ಆಯಿಲ್ ಹೀರುವ ಪೈಪಿನ ಬಾಯಿ ಸಂಪಿನ ಗುಂಡಿಯೊಳಗೇ ಇರಬೇಕು. ಬಲೆನೋದ ಹಳೇ ಪೈಪನ್ನೇ ಉಳಿಸಿದರೆ ಆಯಿಲ್ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಸಮತಟ್ಟಿನಲ್ಲಿ ಹೇಗೋ ನಡೆದರೂ ಏರಿನಲ್ಲಿ ಮೂತಿ ಮೇಲೆತ್ತಿದ ಕೂಡಲೇ ಗಾಳಿ ಹೀರುತ್ತದೆ, ಬೇರಿಂಗ್ ಹೋಗುತ್ತದೆ.

ಗುಜರಿಯಿಂದ ತಂದ ಎಂಜಿನ್ ಅಲ್ವಾ, ಬೋರ್ ಸವೆದಿತ್ತು. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು, ಲೆಕ್ಕ ಹಾಕಿದರೆ ಈಗ 1612 ಸಿಸಿ. ಇಲ್ಲೇ ನನಗೆ ಸಿಟ್ಟು ಬಂದಿದ್ದು. ಬೋರ್ ಮಾಡುವ ಅಂಗಡಿಯವರಿಗೆ ಪಿಸ್ಟನ್ ಬಂದ ಮೇಲೆ ಕೆಲಸ ಶುರುಮಾಡಿ ಅಂತ ಹೇಳಿದ್ದರೂ, ಪುಸ್ತಕದ ಅಳತೆ ನೋಡಿ ಮೊದಲೇ ಹೊಡೆದು ಇಟ್ಟಿದ್ದರು. ಪಿಸ್ಟನ್ ಬಂತು, ಮೈಕ್ರೋಮೀಟರ್ ಇಟ್ಟರೆ ಒಂದು ಸಿಲಿಂಡರ್ ಬಿಗಿ. ಪಿಸ್ಟನ್‌ಗೂ ಗೋಡೆಗೂ ನಡುವಿನ ಜಾಗ ತಲೆಕೂದಲಿನ ದಪ್ಪದಷ್ಟೂ ಇರುವುದಿಲ್ಲ, ಅದರಲ್ಲೇ ಹೀಗೆ ಮಾಡಿದರೆ? ಮತ್ತೆ ಹೋನಿಂಗ್ (ಸಿಲಿಂಡರ್ ಗೋಡೆಯನ್ನು ನಯವಾಗಿ ಉಜ್ಜುವುದು) ಮಾಡಿಸಿಯೇ ಜೋಡಿಸಿದ್ದು. ಅದಾದ ಮೇಲೆ ಮೆಕ್ಯಾನಿಕ್ ಒಂದೊಂದು ರಿಂಗನ್ನೂ ಬೋರಿಗಿಳಿಸಿ, ಪಿಸ್ಟನ್ ತಲೆಯಿಂದ ನೆಟ್ಟಗೆ ಕೆಳಗೆ ತಳ್ಳಿ, ರಿಂಗಿನ ಎರಡು ತುದಿಗಳ ಸಂದಿಗೆ ಫೀಲರ್ ಗೇಜ್ ತೂರಿಸಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನೋಡಿದರು. ಸಂದಿ ಸಾಲದ ರಿಂಗಿನ ತುದಿಯನ್ನು ಸಣ್ಣ ಅರದಲ್ಲಿ ಎರಡು ಸಲ ಉಜ್ಜಿ ಮತ್ತೆ ಇಳಿಸುವುದು. ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು. ಇವತ್ತಿಗೂ ಈ ಎಂಜಿನ್ ಆಯಿಲ್ ಕುಡಿಯದೆ ಇರುವುದು ಆ ಮಧ್ಯಾಹ್ನದ ಪುಣ್ಯ ಅಂತ ನನ್ನ ನಂಬಿಕೆ.

ಇನ್ನು ಓಡಿಸುವ ವಿಷಯ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಹಳೇ 1300ರಲ್ಲಿ ನಾಲ್ಕು ಜನ, ಸಾಮಾನು ಇದ್ದರೆ ಪ್ರತಿ ತಿರುವಿಗೂ ಫಸ್ಟ್ ಗೇರ್, ಇಲ್ಲದಿದ್ದರೆ ಎಂಜಿನ್ ಕಿರುಚುವಷ್ಟು ಆಕ್ಸಿಲರೇಟರ್ ತುಳಿಯಬೇಕಿತ್ತು. ಈಗ ಸೆಕೆಂಡ್‌ನಲ್ಲೇ ಇಟ್ಟು, ತಿರುವು ಮುಗಿಯುವಾಗ ಸುಮ್ನೆ ಕಾಲು ಇಟ್ಟರೆ ಸಾಕು, ಗೊಣಗದೆ ಎಳೆಯುತ್ತದೆ. ಹುಲಿಕಲ್ ಘಾಟಿಯಲ್ಲೂ ಹಾಗೇ. ಆದರೆ ನಿಜವಾದ ವ್ಯತ್ಯಾಸ ಗೊತ್ತಾಗುವುದು ಮನೆ ಹಿಂದೆ. ಸೊಪ್ಪಿನ ಬೆಟ್ಟದಿಂದ ದರಗು (ಒಣ ಎಲೆ) ತುಂಬಿದ ಟ್ರೈಲರ್ ಎಳೆದುಕೊಂಡು ಬರುವಾಗ, ಕೊನೆ (ಅಡಿಕೆ ಗೊನೆ) ಕೊಯ್ಲಿನ ಹೊತ್ತಲ್ಲಿ ತೋಟದ ತಗ್ಗಿನಿಂದ ಹಸಿ ಅಡಿಕೆ ಹೇರಿಕೊಂಡು ಅಂಗಳಕ್ಕೆ ಹತ್ತುವಾಗ, ಮೊದಲೆಲ್ಲ ಲೋ ಗೇರ್ ಹಾಕದೆ ಆಗುತ್ತಿರಲಿಲ್ಲ. ಈಗ ಕೆಸರಿಲ್ಲದಿದ್ದರೆ ಅದರ ನೆನಪೇ ಆಗಲ್ಲ.

ಹೈವೇಯಲ್ಲಿ ಇದು ಬೇರೆಯದೇ ಗಾಡಿಯಾಗುತ್ತೆ ಅಂತ ಕಾದರೆ ನಿರಾಸೆ. ಸ್ಟ್ರೋಕ್ ಉದ್ದ ಅಂದರೆ ಪಿಸ್ಟನ್ ಓಟವೂ ಜಾಸ್ತಿ. 6000 ಆರ್‌ಪಿಎಂನಲ್ಲಿ 1300ರ ಪಿಸ್ಟನ್ ಸರಾಸರಿ ಸೆಕೆಂಡಿಗೆ 15 ಮೀಟರ್ ಓಡಿದರೆ ಇದು 18 ಮೀಟರ್. ಮೇಲಿನ ಆರ್‌ಪಿಎಂನಲ್ಲಿ ನಡುಕ ಸ್ಟೇರಿಂಗ್‌ಗೆ ಬರುತ್ತದೆ, ನಾನು ಅಲ್ಲಿಗೆ ಹೋಗುವುದೇ ಇಲ್ಲ. ಶಿವಮೊಗ್ಗದಿಂದ ಬೆಂಗಳೂರಿಗೆ ಓಡಾಡುವವರು ಈ ದುಡ್ಡು ಖರ್ಚು ಮಾಡಬೇಡಿ. ಜಿಪ್ಸಿ ಸೀಟು, ಜಿಪ್ಸಿ ಸಸ್ಪೆನ್ಷನ್, ಜಿಪ್ಸಿ ಗಾಳಿಸದ್ದು ಇದ್ದ ಹಾಗೇ ಇರುತ್ತವೆ.

ಮೈಲೇಜ್ ಮೊದಲು ಹತ್ತು ಹನ್ನೊಂದು ಬರುತ್ತಿತ್ತು, ಈಗ ಒಂಬತ್ತೂವರೆ ಹತ್ತು. ತುಳಿಯುವುದು ಕಮ್ಮಿಯಾದ್ದರಿಂದ ಅಷ್ಟೇನೂ ಬೀಳಲಿಲ್ಲ.

ಸುತ್ತಮುತ್ತಲಿನ ತಲೆನೋವು ಅಂದೆನಲ್ಲ, ಮೊದಲನೆಯದು ಬಿಸಿ. ಭಾರ ಹೇರಿ ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತಿತ್ತು. ರೇಡಿಯೇಟರಿಗೆ ಇನ್ನೊಂದು ಸಾಲು ಕೋರ್ ಹಾಕಿಸಿದ ಮೇಲೆ ಸರಿಹೋಯಿತು. ಕೂಲೆಂಟ್ ವಿಷಯದಲ್ಲಿ ಜಿಪುಣತನ ಬೇಡ. ನಮ್ಮ ಕಡೆ ಜೀಪುಗಳಿಗೆ ಹಳ್ಳದ ನೀರು ತುಂಬಿ ಹೊರಡುವುದು ರೂಢಿ, ಅಲ್ಯೂಮಿನಿಯಂ ಬ್ಲಾಕಿಗೆ ಅದನ್ನೇ ಮಾಡಿದರೆ ಒಳಗೊಳಗೇ ತಿನ್ನುತ್ತದೆ. ಆಮೇಲೆ ಬ್ರೇಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಕಂಪನಿ ಕೊಟ್ಟಷ್ಟೇ. ಹತ್ತುವ ಶಕ್ತಿ ಬಂತು ಅಂತ ಇಳಿಯುವ ಶಕ್ತಿ ಬರಲಿಲ್ಲ, ಘಾಟಿ ಇಳಿಯುವಾಗ ನಾನು ಹಳೇ ವೇಗದಲ್ಲೇ ಇಳಿಯುವುದು.

ಮಳೆಗಾಲದಲ್ಲಿ ವೈರಿಂಗ್ ಕಾಟ. ಇಸಿಯು ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಎಂಜಿನ್ ಸುಮ್ನೆ ಮಿಸ್ ಹೊಡೆಯುತ್ತದೆ, ಸೆನ್ಸರ್ ಹೋಯ್ತು ಅಂತ ಗ್ಯಾರೇಜಿನವರು ಬಿಲ್ ಹಾಕುತ್ತಾರೆ. ಮೊದಲು ಕನೆಕ್ಟರ್ ಬಿಚ್ಚಿ ಸ್ಪ್ರೇ ಹೊಡೆದು ಒರೆಸಿ ನೋಡಿ. ಇಲಿಗಳೂ ಇವೆ. ಬೆಚ್ಚಗಿನ ಎಂಜಿನ್ ಅಂದರೆ ಅವಕ್ಕೆ ಪ್ರಾಣ. ನಾನು ಅಡಿಕೆ ಮನೆ ಪಕ್ಕ ಗಾಡಿ ನಿಲ್ಲಿಸುವುದನ್ನೇ ಬಿಟ್ಟಿದ್ದೇನೆ.

ಕಾಗದಪತ್ರದ ವಿಷಯ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನನ್ನದು ಹಳೇ ಕೆಲಸ, ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ ಎರಡೂ ತಿದ್ದಿಸಿದ್ದೇನೆ. ಈಗ ಅಷ್ಟು ಸಲೀಸಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಮೇಲೇ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರು ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ ಅಂತ ತೀರ್ಪು ಕೊಟ್ಟಿದೆ. ಹಾಗಾಗಿ ಎಂಜಿನ್ ಹುಡುಕುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ. ಅವರು ಆಗಲ್ಲ ಅಂದರೆ ಆಗಲ್ಲ. ಆರ್‌ಸಿಗೆ ಹೊಂದದ ಎಂಜಿನ್ ಇಟ್ಟುಕೊಂಡು ಘಾಟಿಯಲ್ಲಿ ಯಾರಿಗಾದರೂ ಗುದ್ದಿದರೆ ವಿಮೆಯವರು ಕೈ ಎತ್ತುತ್ತಾರೆ.

ಖರ್ಚು ಎಲ್ಲ ಸೇರಿ ಒಂದೂಕಾಲು ಲಕ್ಷ ದಾಟಿತು, ಅದರಲ್ಲಿ ಎಂಜಿನ್ನಿನ ಬೆಲೆ ಅರ್ಧವೂ ಇಲ್ಲ. ಈಗ ಒಳ್ಳೇ ಬಲೆನೋ ಎಂಜಿನ್ ಸಿಗುವುದೇ ಕಷ್ಟ. ಸಿಕ್ಕರೆ ಇಸಿಯು, ವೈರಿಂಗ್, ಬ್ರಾಕೆಟ್ ಎಲ್ಲ ಒಟ್ಟಿಗೇ ಎತ್ತಿಕೊಂಡು ಬನ್ನಿ, ಬಿಡಿಬಿಡಿಯಾಗಿ ಆಮೇಲೆ ಹುಡುಕಲು ಹೋದರೆ ತಿಂಗಳುಗಟ್ಟಲೆ ಗಾಡಿ ಶೆಡ್ಡಿನಲ್ಲೇ. ನನ್ನದರಲ್ಲಿ ಈಗ ಗೇರ್‌ಬಾಕ್ಸ್ ಬೇರಿಂಗ್ ಸದ್ದು ಶುರುವಾಗಿದೆ. 103 ಎನ್‌ಎಂ ಎಂಜಿನ್ ಜೊತೆ ಬಂದ ಗೇರ್‌ಬಾಕ್ಸಿಗೆ ಇಷ್ಟು ವರ್ಷ 130 ತಿನ್ನಿಸಿದ್ದೇನೆ, ದೂರುವ ಹಾಗಿಲ್ಲ. ಈ ಸಲ ಕೊಯ್ಲು ಮುಗಿದ ಮೇಲೆ ಅದನ್ನು ಇಳಿಸಬೇಕು.